ಒಂದೇ ಗಡಿಯಾರದ ಎರಡು ಮನೆ

ನಮ್ಮ ಮನೆಯ ಕಂಪ್ಯೂಟರಿಗೆ ಯಮ್ಮಾ ಕೈಯಾರೆ ಹೆಣೆದ ಬಿಳಿ ಕ್ರೋಶೆ ಮುಸುಕೊಂದಿದೆ. ಓರಾನ್ ಪಟ್ಟಣದ ಯಾವ ಮದುಮಗಳಿಗೂ ಅಷ್ಟು ಜತನದ ಮುಸುಕು ಸಿಕ್ಕಿರಲಾರದು. ಮುಸುಕಿನ ಕೆಳಗಿರುವ ಯಂತ್ರಕ್ಕೆ ಮಾತ್ರ ಮಾನ ಉಳಿದಿಲ್ಲ. ತಮ್ಮ ಹವ್ವಾರಿ ಅದರಲ್ಲಿ ಹಗಲಿಡೀ ಫುಟ್‌ಬಾಲ್ ಆಡುತ್ತಾನೆ. ಯಮ್ಮಾ ಅದರಲ್ಲಿ ನೆಂಟರ ಮದುವೆಯ ವಿಡಿಯೊ ಹಾಕಿಕೊಂಡು, ಯಾರು ಯಾರ ಒಡವೆ ಕೇಳಿ ತಂದು ತೊಟ್ಟಿದ್ದಾರೆ ಎಂದು ಪತ್ತೆ ಹಚ್ಚುತ್ತಾಳೆ. ಬಾಬಾ ಅದರ ಬಾಯಿಂದ ಇಡೀ ಕಟ್ಟಡಕ್ಕೆ ಆಜಾನ್ ಹೇಳಿಸುತ್ತಾರೆ. ಉಳಿದ ಸಮಯದಲ್ಲಿ, ಅಂದರೆ ಯಾರಿಗೂ ಬೇಡದ ಸಮಯದಲ್ಲಿ, ಅದು ನನ್ನದು.

ನಾನು ಸಾಹಿತ್ಯದಲ್ಲಿ ಪದವಿ ಪಡೆದವಳು. ಮನೆಯಲ್ಲಿ ಪಾತ್ರೆ ತೊಳೆಯುವುದಕ್ಕೆ ಒಬ್ಬ ಪದವೀಧರೆ ಇದ್ದಾಳೆ ಎಂದು ಇದರ ಅರ್ಥ. ನಮ್ಮದು ಮೂರು ಕೋಣೆಯ ಮನೆ. ಒಂದು ಬಾಬಾ ಮತ್ತು ಯಮ್ಮಾರದು. ಒಂದು ಹವ್ವಾರಿಯದು, ಗಂಡುಹುಡುಗ, ಅವನಿಗೆ ಏಕಾಂತ ಬೇಕು. ಮೂರನೆಯದು ನಡುಮನೆ. ನಾನೂ ಅಜ್ಜಿ ಹನ್ನಾ ಸೆತ್ತಿಯೂ ಅಲ್ಲಿನ ದಿವಾನಗಳ ಮೇಲೆ ಮಲಗುತ್ತೇವೆ. ಬೆಳಗ್ಗೆ ಎದ್ದು ಹೊದಿಕೆ ಮಡಚಿಟ್ಟರೆ ನಾವು ಅಲ್ಲಿ ಮಲಗಿದ್ದೆವು ಎನ್ನುವುದಕ್ಕೆ ಸಾಕ್ಷಿಯೇ ಇರುವುದಿಲ್ಲ. ನನ್ನದು ಎಂದು ಹೇಳಿಕೊಳ್ಳಬಹುದಾದದ್ದು ಆ ಕಂಪ್ಯೂಟರಿನೊಳಗಿನ ಒಂದು ಫೋಲ್ಡರ್ ಮಾತ್ರ. ಅದಕ್ಕೆ ‘ಅಡುಗೆ’ ಎಂದು ಹೆಸರಿಟ್ಟಿದ್ದೆ. ಆ ಹೆಸರಿದ್ದರೆ ಮನೆಯ ಗಂಡಸರು ಯಾರೂ ಅತ್ತ ಸುಳಿಯುವುದಿಲ್ಲ ಎಂದು ನನ್ನ ಲೆಕ್ಕ. ಅದರಲ್ಲಿ ದಿನಕ್ಕೆ ನಾಲ್ಕು ಸಾಲು ಬರೆದುಕೊಳ್ಳುತ್ತಿದ್ದೆ.

ರಂಜಾನ್ ಶುರುವಾದ ವಾರ ಹವ್ವಾರಿಗೆ ಹಸಿವಾಯಿತು. ಉಪವಾಸದ ಹೊತ್ತಿನಲ್ಲಿ ತಿನ್ನಲಾಗದಿದ್ದರೆ ಬೇಡ, ತಿನಿಸಿನ ಬಗ್ಗೆ ಓದಿಯಾದರೂ ನೋಡೋಣ ಎಂದುಕೊಂಡು ‘ಅಡುಗೆ’ ತೆರೆದ.

“‘ಇವತ್ತೂ ಯಾರೂ ನನ್ನನ್ನು ಏನೂ ಕೇಳಲಿಲ್ಲ, ಉಪ್ಪು ಎಲ್ಲಿದೆ ಎನ್ನುವುದೊಂದನ್ನು ಬಿಟ್ಟು,’” ಎಂದು ನಡುಮನೆಯಲ್ಲಿ ನಿಂತು ವಾರ್ತೆ ಓದುವವರ ಧಾಟಿಯಲ್ಲಿ ಓದಿದ. “ಯಮ್ಮಾ, ಇದ್ಯಾವ ಅಡುಗೆ? ಇದನ್ನ ಎಷ್ಟು ಹೊತ್ತು ಬೇಯಿಸ್ಬೇಕು?”

ಎಲ್ಲರೂ ನಕ್ಕರು. ಹನ್ನಾ ಒಬ್ಬಳೇ ನಗಲಿಲ್ಲ. ಅವಳಿಗೆ ಕಿವಿ ಮಂದ. “ಏನಂತೆ? ಉಪ್ಪು ಬೇಕಂತಾ?” ಎಂದು ಕೇಳಿದಳು.

ನಾನು ತಿರುಗಿ ಮಾತಾಡುವವಳಲ್ಲ. ಅಡುಗೆಮನೆಗೆ ಹೋಗಿ ಹರೀರಾ ಸೂಪಿಗೆ ಬೇಕಾದದ್ದಕ್ಕಿಂತ ಹೆಚ್ಚು ಈರುಳ್ಳಿ ಹೆಚ್ಚಿದೆ. ಅಳಬೇಕಾದವರಿಗೆ ಈರುಳ್ಳಿಯಷ್ಟು ಗುಟ್ಟು ಕಾಯುವ ಗೆಳತಿ ಬೇರೆ ಇಲ್ಲ. ಮರುದಿನ ಚಿಕ್ಕಮ್ಮನ ಮಗ ಜಲ್ಲೂಲನಿಗೆ ಫೋನ್ ಮಾಡಿದೆ.

ಜಲ್ಲೂಲ್ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಓದುತ್ತಾನೆ, ಓದುತ್ತಲೇ ಇದ್ದಾನೆ. ಮುಗಿಸುವುದಕ್ಕೆ ಅವನಿಗೆ ಬಿಡುವಿಲ್ಲ, ಏಕೆಂದರೆ ಅವನು ವಿಂಡೋಸಿನ ಬದಲಿಗೆ ಹಾಕುವ ಲಿನಕ್ಸಿನ ಪ್ರಚಾರಕ. ಮದುವೆಗೆ, ಸುನ್ನತಿಗೆ, ತೀರಿಕೊಂಡವರ ಮನೆಗೆ, ಎಲ್ಲಿಗೆ ಹೋದರೂ ಜೇಬಿನಲ್ಲೊಂದು ಸಿ.ಡಿ. ಇರುತ್ತದೆ. ದುಃಖದಲ್ಲಿರುವವರು ಬೇಡ ಎನ್ನುವುದು ಕಡಿಮೆ ಎಂದು ಅವನು ಅನುಭವದಿಂದ ಕಂಡುಕೊಂಡಿದ್ದಾನೆ.

“ಒಂದೇ ಯಂತ್ರದಲ್ಲಿ ಎರಡು ಸಂಸಾರ ಇರಬಹುದು ಕಣೇ,” ಎಂದ. “ಒಳಗಿನ ಡಿಸ್ಕನ್ನ ಎರಡು ಪಾಲು ಮಾಡ್ತೀನಿ. ಒಂದು ಕಡೆ ನಿಮ್ಮ ವಿಂಡೋಸ್ ಹೇಗಿದೆಯೋ ಹಾಗೇ. ಇನ್ನೊಂದು ಕಡೆ ಲಿನಕ್ಸ್. ಹಚ್ಚಿದ ಕೂಡಲೇ ಯಾವ ಮನೆಗೆ ಹೋಗ್ಬೇಕು ಅಂತ ಅದೇ ಕೇಳತ್ತೆ. ನಿನ್ನ ಮನೆಗೆ ನಿನ್ನ ಪಾಸ್‌ವರ್ಡು. ಹವ್ವಾರಿ ತಲೆಕೆಳಗಾಗಿ ನಿಂತ್ರೂ ಒಳಗೆ ಕಾಲಿಡಕ್ಕಾಗಲ್ಲ.”

ನನ್ನ ಮನೆ. ಆ ಎರಡು ಪದ ಕೇಳಿ ನಾನು ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದೆ, ಯಾರಾದರೂ ಕೇಳಿಸಿಕೊಂಡಾರು ಎಂದು.

ಆದರೆ ಮನೆಯ ಯಜಮಾನರ ಒಪ್ಪಿಗೆ ಬೇಕಿತ್ತು. ಬಾಬಾ, ಅಂದರೆ ಹಾಜ್ ಮಿಲೂದ್, ನಿವೃತ್ತಿಯಾಗುವ ತನಕ ರೈಲು ನಿಲ್ದಾಣದಲ್ಲಿ ಧ್ವನಿವರ್ಧಕದ ಮುಂದೆ ಕೂತು ಗಾಡಿಗಳ ವೇಳೆ ಸಾರಿದವರು. ಅವರು ಸಾರಿದ ವೇಳೆಗೂ ಬಂದು ನಿಂತ ಗಾಡಿಗೂ ಯಾವತ್ತೂ ಮುಖಪರಿಚಯ ಆಗಲಿಲ್ಲ. ಆ ನೋವನ್ನು ಅವರು ನಿವೃತ್ತಿಯಲ್ಲಿ ತೀರಿಸಿಕೊಳ್ಳುತ್ತಿದ್ದಾರೆ. ನಮ್ಮದು ಊರಾಚೆಯ ಹೊಸ ಬಡಾವಣೆ. ಮಸೀದಿಯ ಮಿನಾರು ಇನ್ನೂ ಕಬ್ಬಿಣದ ಸರಳುಗಳ ಹಂತದಲ್ಲಿದೆ, ನಮಾಜು ನೆಲಮಾಳಿಗೆಯಲ್ಲಿ. ಧ್ವನಿವರ್ಧಕ ಬರುವುದು ಮುಂದಿನ ಚಂದಾ ಎತ್ತಿದ ಮೇಲೆ. ಇನ್ನು ಟಿ.ವಿ. ಕೂಗುವುದು ರಾಜಧಾನಿ ಅಲ್ಜೀರ್ಸಿನ ಸೂರ್ಯಾಸ್ತಕ್ಕೆ. ಓರಾನಿನಲ್ಲಿ ಸೂರ್ಯ ಮುಳುಗುವುದು ಅದಾಗಿ ಕಾಲು ಗಂಟೆಯ ಮೇಲೆ. ರಾಜಧಾನಿಗೆ ಬಂದದ್ದೆಲ್ಲ ನಮಗೆ ತಲುಪುವುದು ತಡವೇ. ಸೂರ್ಯಾಸ್ತ ಒಂದರ ಬಗ್ಗೆ ಮಾತ್ರ ಯಾರೂ ದೂರು ಕೊಟ್ಟಿಲ್ಲ.

ಹಾಗಾಗಿ ಟಿ.ವಿ. ಕೂಗಿದ ಮೇಲೆ ಕಟ್ಟಡದವರೆಲ್ಲ ಖರ್ಜೂರ ಕೈಯಲ್ಲಿ ಹಿಡಿದು ಬಾಬಾರ ಕಂಪ್ಯೂಟರಿಗೆ ಕಾಯುತ್ತಾರೆ. ಅದರಲ್ಲಿ ಓರಾನಿನ ಲೆಕ್ಕ ಹಾಕಿ ಐದೂ ಹೊತ್ತು ತಾನಾಗಿ ಕೂಗುವ ಒಂದು ಪ್ರೋಗ್ರಾಮ್ ಇದೆ. ಬಾಬಾ ಸ್ಪೀಕರನ್ನು ಬಾಲ್ಕನಿಯಲ್ಲಿಟ್ಟು, ಕಂಪ್ಯೂಟರಿನ ಪರದೆ ಆರಿಸಿ, ಮುಸುಕು ಹೊದಿಸಿ, ಕೈಕಟ್ಟಿ ಕೂರುತ್ತಾರೆ. ಕೊನೆಗೂ ಅವರು ಸಾರಿದ ವೇಳೆಗೆ ಏನೋ ಒಂದು ಬರುತ್ತಿದೆ.

ಜಲ್ಲೂಲ್ ಮರುದಿನ ಮಧ್ಯಾಹ್ನವೇ ಬಂದ. ಎದೆಯ ಮೇಲೆ ಲಿನಕ್ಸಿನ ಗುರುತಾದ ಪೆಂಗ್ವಿನ್ ಹಕ್ಕಿಯ ಚಿತ್ರವಿದ್ದ ಅಂಗಿ, ಜೇಬಿನಲ್ಲಿ ಸಿ.ಡಿ.

“ಇದು ಪೂರ್ತಿ ಉಚಿತ, ಹಾಜ್,” ಎಂದ.

“ಈಗಿರೋದೂ ಹೆಚ್ಚುಕಮ್ಮಿ ಉಚಿತವೇ ಕಣಪ್ಪ. ಮದೀನಾ ಜದೀದಾ ಮಾರ್ಕೆಟ್ಟಿನಲ್ಲಿ ಒಂದು ಕಾಫಿ ದುಡ್ಡಿಗೆ ತಂದದ್ದು.”

“ಅದು ಕದ್ದ ಮಾಲು, ಹಾಜ್.”

“ನಾನೆಲ್ಲಿ ಕದ್ದೆ? ದುಡ್ಡು ಕೊಟ್ಟು ತಂದೆ. ನೀನು ಕಾಸೇ ಕೊಡದೆ ತಂದಿದ್ದೀಯ. ಇಬ್ಬರಲ್ಲಿ ಕಳ್ಳ ಯಾರು?”

ಜಲ್ಲೂಲ್ ತಾಳ್ಮೆಯಿಂದ ವಿವರಿಸಿದ. ಲೋಕದ ಮೂಲೆಮೂಲೆಯ ಸಾವಿರಾರು ಮಂದಿ ಸೇರಿ ಇದನ್ನು ಬರೆದಿದ್ದಾರೆ, ಯಾರು ಬೇಕಾದರೂ ಬಳಸಲಿ ಎಂದು ಹಂಚಿದ್ದಾರೆ.

“ಅವರಿಗೆ ಸಂಬಳ?”

“ಬಹಳ ಜನಕ್ಕೆ ಇಲ್ಲ.”

“ಪಾಪ,” ಎಂದು ಬಾಬಾ ನನ್ನ ಕಡೆ ನೋಡಿದರು. “ಎಲ್ಲಾ ನಮ್ಮ ಬದ್ರಾ ಥರ ಪದವೀಧರರು.”

ಆಮೇಲೆ ಪಾಲಿನ ಪ್ರಶ್ನೆ ಬಂತು. ಯಾವ ಕಡೆಗೆ ಎಷ್ಟು ಎಂದು ಜಲ್ಲೂಲ್ ಕೇಳಿದ. ಬಾಬಾ ಒಂದು ಕ್ಷಣವೂ ಯೋಚಿಸಲಿಲ್ಲ. “ಹವ್ವಾರಿ ಕಡೆಗೆ ಎರಡು ಪಾಲು, ಬದ್ರಾ ಕಡೆಗೆ ಒಂದು.”

“ಗಂಡಿಗೆ ಎರಡು ಹೆಣ್ಣಿಗೆ ಒಂದು ಅನ್ನಕ್ಕೆ ಇದು ಆಸ್ತಿಯಲ್ಲ ಹಾಜ್, ಡಿಸ್ಕು.”

“ಪಾಲು ಅಂದ ಮೇಲೆ ಪಾಲು.”

ಹೀಗೆ ಬಾಬಾ ಗಟ್ಟಿಮುಟ್ಟಾಗಿರುವಾಗಲೇ ನನಗೆ ಪಿತ್ರಾರ್ಜಿತ ಸಿಕ್ಕಿತು. ಆದರೆ ಷರತ್ತು ಹಿಂದೆಯೇ ಬಂತು. “ಒಂದು ಮಾತು ಕೇಳಿಸ್ಕೋ. ನನ್ನ ಆಜಾನ್ ಒಂದೇ ಒಂದು ನಿಮಿಷ ಆಚೀಚೆ ಆದರೆ, ಆ ನಿನ್ನ ಹಕ್ಕಿ ಸಮೇತ ಇವಳ ಪಾಲನ್ನ ನಾನೇ ಅಳಿಸಿ ಹಾಕಿಸ್ತೀನಿ. ಇವತ್ತು ಇಫ್ತಾರಿಗೆ ಸಿ ಕದ್ದೂರ್ ಬರ್ತಿದ್ದಾರೆ.”

ಸಿ ಕದ್ದೂರ್, ಅಂದರೆ ಕದ್ದೂರ್ ಸಾಹೇಬರು, ಮೂರನೇ ಮಹಡಿಯ ನಿವೃತ್ತ ಗಣಿತದ ಮೇಷ್ಟ್ರು. ಇಡೀ ಕಟ್ಟಡದಲ್ಲಿ ಬಾಬಾರ ಸ್ಪೀಕರಿಗೆ ಕಾಯದವರು ಅವರೊಬ್ಬರೇ. ಟಿ.ವಿ. ಕೂಗಿದ ಮೇಲೆ ಮನಸ್ಸಿನಲ್ಲೇ ಕಾಲು ಗಂಟೆ ಎಣಿಸಿ ಉಪವಾಸ ಬಿಡುತ್ತಾರೆ. ಸೂರ್ಯ ಮುಳುಗಿದ್ದನ್ನು ತಿಳಿಯಲು ಕರೆಂಟು ಬೇಕೇ ಎಂದು ಮೆಟ್ಟಿಲ ಮೇಲೆ ಯಾರಿಗೋ ಹೇಳಿದ್ದರಂತೆ. ಅವರನ್ನು ಊಟಕ್ಕೆ ಕರೆದದ್ದು ಆ ಮಾತಿಗೆ ಉತ್ತರವಾಗಿ.

ಬಾಬಾ ಮಲಗಲು ಹೋದರು. ಉಪವಾಸದ ಮಧ್ಯಾಹ್ನಗಳಲ್ಲಿ ನಮ್ಮ ಕಡೆ ಗಂಡಸರು ಭಕ್ತಿಯ ಭಾರಕ್ಕೆ ಹೀಗೆ ಕುಸಿಯುವುದುಂಟು. ಜಲ್ಲೂಲ್ ಸಿ.ಡಿ. ಹಾಕಿದ. ಪರದೆಯ ಮೇಲೆ ಒಂದು ಉದ್ದನೆಯ ಪಟ್ಟಿ ಎಡದಿಂದ ಬಲಕ್ಕೆ ಹಿಟ್ಟಿನ ಹುಳುವಿನಂತೆ ತೆವಳತೊಡಗಿತು. ಅದರ ಪಕ್ಕದಲ್ಲಿ ಜಲ್ಲೂಲನ ಪ್ರವಚನ. ಲಿನಕ್ಸಿಗೆ ವೈರಸ್ ಹತ್ತುವುದಿಲ್ಲ, ಲಿನಕ್ಸ್ ಮುಪ್ಪಾಗುವುದಿಲ್ಲ, ಲಿನಕ್ಸ್ ಸುಳ್ಳು ಹೇಳುವುದಿಲ್ಲ. ಯಮ್ಮಾ ಬಾಗಿಲಲ್ಲಿ ನಿಂತು ಕೇಳಿ, “ಮದುವೆಯಾಗಿದೆಯಾ ಅದಕ್ಕೆ?” ಎಂದು ವಿಚಾರಿಸಿ ಒಳಗೆ ಹೋದಳು.

ನಡುವೆ ಯಂತ್ರ ಒಂದು ಪ್ರಶ್ನೆ ಕೇಳಿತು. ಈ ಕಂಪ್ಯೂಟರಿನ ಒಳಗಡಿಯಾರ ಗ್ರೀನಿಚ್ ಸಮಯ ಹೇಳುತ್ತದೆಯೇ?

“ಅಂದ್ರೆ?” ಎಂದೆ.

“ಲಂಡನ್ ಕಡೆಯ ಸಮಯ. ಸರಿಯಾದ ಯಂತ್ರಗಳು ಒಳಗೆ ಅದನ್ನೇ ಇಟ್ಕೊಂಡು, ನಮ್ಮೂರಿಗೆ ಒಂದು ಗಂಟೆ ಸೇರಿಸಿ ಹೊರಗೆ ತೋರಿಸ್ತವೆ.”

“ನಮ್ಮದು ಸರಿಯಾದ ಯಂತ್ರವಾ?”

“ಈಗ ಆಗತ್ತೆ,” ಎಂದು ಹೌದು ಒತ್ತಿದ.

ಕೊನೆಗೆ ನನ್ನ ಮನೆ ತೆರೆಯಿತು. ಖಾಲಿ, ಸ್ವಚ್ಛ, ಸುಣ್ಣ ಬಳಿದ ವಾಸನೆ ಬರುವಂತಿತ್ತು. ಒಂದೇ ದೋಷ: ಮೂಲೆಯ ಗಡಿಯಾರ ಒಂದು ಗಂಟೆ ಮುಂದಿತ್ತು. ನಾನು ತೋರಿಸಿದೆ. “ಹೊಸದಲ್ವಾ, ಉತ್ಸಾಹ,” ಎಂದು ಜಲ್ಲೂಲ್ ಅದನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿ ಸರಿಮಾಡಿ, ತನ್ನ ಮನೆಯ ಇಫ್ತಾರಿಗೆ ಹೊರಟುಹೋದ. ನಾನು ಪಾಸ್‌ವರ್ಡ್ ಇಟ್ಟೆ. ‘ಅಡುಗೆ’ಯಲ್ಲಿದ್ದದ್ದನ್ನೆಲ್ಲ ಈಚೆ ತಂದುಕೊಂಡೆ. ನಾಲ್ಕು ಸಾಲಿನ ಬದಲು ಎರಡು ಪುಟ ಬರೆದೆ. ಬೆನ್ನ ಹಿಂದೆ ಹವ್ವಾರಿ ಬಂದು ನಿಂತಾಗ ಒಂದು ಗುಂಡಿ ಒತ್ತಿದೆ. ಪರದೆ ಪಾಸ್‌ವರ್ಡ್ ಕೇಳಿತು.

“ಓಹೋ, ಪ್ರೊಫೆಸರಮ್ಮ ಬಾಗಿಲು ಹಾಕ್ಕೊಂಡ್ರು,” ಎಂದ ಹವ್ವಾರಿ. “ಒಳಗೆ ಏನಮ್ಮ ಬೇಯ್ತಿದೆ ಇವತ್ತು?”

ನಾನು ಉತ್ತರಿಸಲಿಲ್ಲ. ಉತ್ತರಿಸದಿರುವುದು ಮೊದಲ ಬಾರಿಗೆ ಸೋಲಿನ ಹಾಗೆ ಅನ್ನಿಸಲಿಲ್ಲ.

ಸಂಜೆ ಬಾಬಾ ಎದ್ದು ಬಂದು ವಿಂಡೋಸ್ ಕಡೆಯ ಬಾಗಿಲು ತೆರೆದು, ಆಜಾನಿನ ಪ್ರೋಗ್ರಾಮ್ ಹಚ್ಚಿ, ಪರದೆ ಆರಿಸಿ, ಮುಸುಕು ಹೊದಿಸಿದರು. ಸಿ ಕದ್ದೂರ್ ಬಂದರು. ಕೆಳಮೇಜಿನ ಮೇಲೆ ಹರೀರಾ, ಎಣ್ಣೆಯಲ್ಲಿ ಕರಿದ ಬುರಾಕ್ ಸುರುಳಿಗಳು, ಖರ್ಜೂರ, ಜೇನಿನಲ್ಲಿ ಅದ್ದಿದ ಜಿಲೇಬಿ. ಟಿ.ವಿ. ಅಲ್ಜೀರ್ಸಿಗೆ ಕೂಗಿತು. ಬಾಬಾ ಅದರ ಬಾಯಿ ಮುಚ್ಚಿಸಿ, ಕೈಕಟ್ಟಿ ಕೂತರು. ಮೇಷ್ಟ್ರ ತುಟಿಗಳು ಸಣ್ಣಗೆ ಅಲುಗುತ್ತಿದ್ದವು, ಎಣಿಕೆ ಶುರುವಾಗಿತ್ತು.

ಕಾಲು ಗಂಟೆ ಕಳೆಯಿತು. ತುಟಿಗಳು ನಿಂತವು. ಸ್ಪೀಕರ್ ಸುಮ್ಮನಿತ್ತು.

“ಹಾಜ್,” ಎಂದರು ಮೇಷ್ಟ್ರು ಮೆಲ್ಲಗೆ, “ನನ್ನ ಲೆಕ್ಕದಲ್ಲಿ ಮುಳುಗಿಯಾಯ್ತು.”

“ನಿಮ್ಮದು ಬಾಯಿಲೆಕ್ಕ, ಸಿ ಕದ್ದೂರ್. ಇದು ಯಂತ್ರದ್ದು.”

ಬಾಲ್ಕನಿಯ ಬೆಳಕು ಕಿತ್ತಳೆಯಿಂದ ಬೂದಿಗೆ ತಿರುಗಿತು. ಸೂಪಿನ ಮೇಲೆ ಕೆನೆ ಕಟ್ಟತೊಡಗಿತು. ಹವ್ವಾರಿ ಮೊಬೈಲ್ ತೆಗೆದ. “ಬಾಬಾ, ಇದರಲ್ಲಿ ಟೈಮು ನೋಡಿದ್ರೆ...”

“ಅದಕ್ಕೆ ಟೈಮು ಎಲ್ಲಿಂದ ಬರತ್ತೆ?”

“ಕಂಪನಿಯಿಂದ.”

“ಕಂಪನಿ ಎಲ್ಲಿದೆ?”

“ಅಲ್ಜೀರ್ಸಿನಲ್ಲಿ.”

“ಮತ್ತೆ?”

ಹವ್ವಾರಿ ಮೊಬೈಲನ್ನು ಜೇಬಿಗಿಳಿಸಿದ. ಗೋಡೆಯ ಗಡಿಯಾರದ ಬ್ಯಾಟರಿಯನ್ನು ಟಿ.ವಿ. ರಿಮೋಟಿಗೆ ಹಾಕಿ ತಿಂಗಳುಗಳಾಗಿದ್ದವು, ಹಾಗಾಗಿ ಅದು ಚರ್ಚೆಯಲ್ಲಿ ಭಾಗವಹಿಸಲಿಲ್ಲ. ಮೇಲಿನ ಮಹಡಿಯ ಬಾಲ್ಕನಿಯಿಂದ ಹೆಂಗಸೊಬ್ಬಳ ದನಿ ಬಂತು: “ಹಾಜ್, ನಿಮ್ಮ ಯಂತ್ರ ನಿದ್ದೆ ಹೋಯ್ತಾ? ಮಕ್ಕಳು ಚಮಚ ಕಚ್ತಿದ್ದಾವೆ.”

“ಸಬೂರಿ ಇರಲಿ,” ಎಂದರು ಬಾಬಾ, ನಿಲ್ದಾಣದ ತಮ್ಮ ಹಳೆಯ ದನಿಯಲ್ಲಿ. ಗಾಡಿ ಬರದಿದ್ದಾಗ ಅವರು ಹೇಳುತ್ತಿದ್ದದ್ದೂ ಅದೇ ಮಾತಂತೆ.

ನನಗೆ ಹೊಳೆದದ್ದು ಆಗ. ಎರಡು ಸಂಸಾರ, ಆದರೆ ಯಂತ್ರದೊಳಗೆ ಗಡಿಯಾರ ಒಂದೇ. ಲಿನಕ್ಸ್ ಮನೆಯವರು ಅದು ಲಂಡನ್ ಸಮಯ ಎಂದು ನಂಬಿ ಒಂದು ಗಂಟೆ ಸೇರಿಸಿ ಓದುತ್ತಾರೆ. ವಿಂಡೋಸ್ ಮನೆಯವರು ಕಂಡದ್ದನ್ನು ಕಂಡ ಹಾಗೆ ಓದುತ್ತಾರೆ. ಜಲ್ಲೂಲ್ ನನ್ನ ಮನೆಯ ಲೆಕ್ಕ ಸರಿಹೋಗಲಿ ಎಂದು ಮುಳ್ಳನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿ ಹೋಗಿದ್ದ. ಪಕ್ಕದ ಮನೆಯಲ್ಲಿದ್ದ ಬಾಬಾರ ಆಜಾನ್ ಅಷ್ಟೂ ಒಂದು ಗಂಟೆ ಹಿಂದೆ ಬಿದ್ದಿತ್ತು.

ಹೇಳಿದರೆ ನನ್ನ ಪಾಲು ಹೋಗುತ್ತದೆ. ಅಲ್ಲಿ ಎರಡು ಪುಟ ಇದೆ, ಇನ್ನೂ ಸುಣ್ಣದ ವಾಸನೆ ಇದೆ. ಹೇಳದಿದ್ದರೆ ಎಲ್ಲರೂ ಸುಮಾರು ಒಂದು ಗಂಟೆ ಹೀಗೆಯೇ ಕೂರುತ್ತಾರೆ, ಏಕೆಂದರೆ ಈ ಮನೆಯಲ್ಲಿ ಕಿಟಕಿಯಾಚೆ ಕಾಣುವ ಕತ್ತಲೆಗಿಂತ ಬಾಬಾರ ಮಾತಿಗೆ ತೂಕ ಹೆಚ್ಚು. ಹನ್ನಾ ಕಡೆ ನೋಡಿದೆ. ಅವಳಿಗೆ ಸಕ್ಕರೆ ಕಾಯಿಲೆ. ವೈದ್ಯರು ಉಪವಾಸ ಬೇಡ ಎಂದದ್ದು ಮಾತ್ರ ಅವಳಿಗೆ ಕೇಳಿಸಿರಲಿಲ್ಲ. ಖರ್ಜೂರ ಹಿಡಿದ ಅವಳ ಬೆರಳುಗಳು ನಡುಗುತ್ತಿದ್ದವು.

“ಇನ್ನೂ ಆಗಿಲ್ವಾ ಮಿಲೂದ್?” ಎಂದು ಮಗನನ್ನು ಕೇಳಿದಳು. ಹಣೆಯ ಮೇಲೆ ಬೆವರಿತ್ತು.

“ಇನ್ನೇನು ಆಗೋಯ್ತು, ಯಮ್ಮಾ.”

ನಾನು ಎದ್ದೆ. “ಮಜ್ಜಿಗೆ ತರ್ತೀನಿ,” ಎಂದೆ. ಯಾರೂ ನೋಡಲಿಲ್ಲ; ನಾನು ಎದ್ದು ಹೋಗುವುದು ನಮ್ಮ ಮನೆಯಲ್ಲಿ ಸುದ್ದಿಯಲ್ಲ. ಅದಕ್ಕಾಗಿ ಮೊದಲ ಸಲ ದೇವರಿಗೆ ಕೃತಜ್ಞಳಾದೆ. ಅಡುಗೆಮನೆಯ ದಾರಿ ಕಂಪ್ಯೂಟರಿನ ಪಕ್ಕದಲ್ಲೇ, ಎಲ್ಲರ ಬೆನ್ನ ಹಿಂದೆ. ಹಳೆಯ ಕಾಲದ ಫೋಟೊ ತೆಗೆಯುವವರ ಹಾಗೆ ಕ್ರೋಶೆ ಮುಸುಕಿನೊಳಗೆ ತಲೆ ತೂರಿಸಿ ಪರದೆ ಹಚ್ಚಿದೆ. ಅಲ್ಲಿನ ಗಡಿಯಾರ ಇನ್ನೂ ಬಿಸಿಲಿನ ಹೊತ್ತು ತೋರಿಸುತ್ತಿತ್ತು. ಅದನ್ನು ತಿದ್ದಲು ಕೂತರೆ ಹೊತ್ತಾಗುತ್ತದೆ. ಪ್ರೋಗ್ರಾಮ್ ಬಳಸುವ ಧ್ವನಿ ಎಲ್ಲಿದೆ ಎಂದು ಗೊತ್ತಿತ್ತು. ಅದನ್ನೇ ಹುಡುಕಿ ಕೈಯಾರೆ ಒತ್ತಿದೆ.

ಬಾಲ್ಕನಿಯಿಂದ ಆಜಾನ್ ಮೊಳಗಿತು. ಕಟ್ಟಡದ ಎಲ್ಲ ಮಹಡಿಗಳಿಂದ ಒಟ್ಟಿಗೆ ಚಮಚಗಳ ಸದ್ದು ಬಂತು. ಹನ್ನಾ ಖರ್ಜೂರ ಬಾಯಿಗಿಟ್ಟು ಕಣ್ಣು ಮುಚ್ಚಿದಳು. ನಾನು ಪರದೆ ಆರಿಸಿ ಅವಳ ಪಕ್ಕ ಬಂದು ಕೂತು ಸೂಪಿನ ಬಟ್ಟಲು ಹಿಡಿದುಕೊಂಡೆ, ಅವಳ ಕೈ ಸ್ಥಿರವಾಗುವ ತನಕ.

“ನೋಡಿದ್ರಾ?” ಎಂದರು ಬಾಬಾ. “ಯಂತ್ರ ಅವಸರ ಮಾಡಲ್ಲ.”

ಸಿ ಕದ್ದೂರ್ ತಲೆ ತಗ್ಗಿಸಿ ಸೂಪು ಕುಡಿದರು. “ನಾನೇ ಎಲ್ಲೋ ಎಣಿಕೆ ತಪ್ಪಿರಬೇಕು,” ಎಂದರು. “ವಯಸ್ಸಾಯ್ತು ನೋಡಿ.” ಆ ಮೇಜಿನಲ್ಲಿ ಎಣಿಕೆ ತಪ್ಪದಿದ್ದವರು ಅವರೊಬ್ಬರೇ. ನಾನು ಅವರಿಗೆ ಒಂದು ಬುರಾಕ್ ಹೆಚ್ಚು ಬಡಿಸಿದೆ. ನನ್ನ ಕೈಲಾದ ನ್ಯಾಯ ಅಷ್ಟೇ.

ಇನ್ನು ಗಡಿಯಾರ ತಿದ್ದಬೇಕಿತ್ತು. ಪ್ರೋಗ್ರಾಮಿನ ಪಾಲಿಗೆ ಇನ್ನೂ ಸೂರ್ಯ ಮುಳುಗಿರಲಿಲ್ಲ. ತನ್ನ ಹೊತ್ತಿಗೆ ಅದು ಕೂಗಿಯೇ ತೀರುತ್ತದೆ. ಆದರೆ ಊಟವಾದ ಕೂಡಲೇ ಸಿ ಕದ್ದೂರ್ ಬೆನ್ನುನೋವೆಂದು ಹೇಳಿ, ಮನೆಯಲ್ಲಿ ಒರಗುವ ಬೆನ್ನಿರುವ ಒಂದೇ ಕುರ್ಚಿಯಲ್ಲಿ, ಅಂದರೆ ಕಂಪ್ಯೂಟರಿನ ಕುರ್ಚಿಯಲ್ಲಿ, ಕೂತರು. ಅಲ್ಲಿ ಕೂತು ಕಾಫಿ ಕುಡಿದರು. ಜಿಲೇಬಿ ತಿಂದರು. ಮತ್ತೆ ಕಾಫಿ ಕುಡಿದರು. ನಾನು ನೆಲ ಒರೆಸುವ ನೆಪದಲ್ಲಿ ಬಂದೆ, ಬಟ್ಟಲು ತೆಗೆಯುವ ನೆಪದಲ್ಲಿ ಬಂದೆ, ಹೂದಾನಿಯನ್ನು ಎರಡು ಸಲ ಸರಿಸಿದೆ. “ಎಷ್ಟು ಚುರುಕು ನಿಮ್ಮ ಮಗಳು,” ಎಂದರು ಮೇಷ್ಟ್ರು, ಅಲುಗದೆ.

ಆಮೇಲೆ ಅದು ಕೂಗಿತು.

ನನ್ನ ಕೈಯಲ್ಲಿದ್ದ ಬಟ್ಟಲುಗಳೂ ಉಸಿರು ಹಿಡಿದವು.

“ಇಶಾ,” ಎಂದರು ಬಾಬಾ, ಅದು ರಾತ್ರಿಯ ನಮಾಜಿನ ಕರೆ ಎಂದುಕೊಂಡು.

“ಇಷ್ಟು ಬೇಗನೆ?” ಎಂದರು ಮೇಷ್ಟ್ರು. “ಸಂಜೆಗೂ ಇಶಾಗೂ ಇನ್ನೂ ಸ್ವಲ್ಪ...”

“ಒಳ್ಳೆಯವರ ಜೊತೆ ಕೂತ್ರೆ ಹೊತ್ತು ಹೋದದ್ದು ಗೊತ್ತಾಗಲ್ಲ, ಸಿ ಕದ್ದೂರ್. ಏಳಿ, ಏಳಿ. ಇಶಾ ಆದ ಮೇಲಿನ ತರಾವೀಹ್ ನಮಾಜಿಗೆ ಜಾಗ ಸಿಗಲ್ಲ.”

ಕಟ್ಟಡದ ಬಾಗಿಲುಗಳೆಲ್ಲ ಬಡಿದವು. ಗಂಡಸರು ಬಾಯಿ ಒರೆಸಿಕೊಳ್ಳುತ್ತಾ, ಚಪ್ಪಲಿ ಅರ್ಧ ಮೆಟ್ಟಿಕೊಂಡು ಮೆಟ್ಟಿಲಿಳಿದು ಓಡಿದರು. ಮನೆ ಖಾಲಿಯಾದ ಕೂಡಲೇ ಜಲ್ಲೂಲನಿಗೆ ಫೋನ್ ಮಾಡಿದೆ.

“ಅದು ತಪ್ಪಲ್ಲ ಕಣೇ,” ಎಂದ. “ಅದು ಸಿದ್ಧಾಂತ. ಗ್ರೀನಿಚ್ ಸಮಯವೇ ಸರಿ, ವಿಂಡೋಸ್ ಲೆಕ್ಕವೇ ಮೂರ್ಖತನ.”

“ನಿನ್ನ ಸಿದ್ಧಾಂತಕ್ಕೆ ನಮ್ಮ ಹನ್ನಾ ಮೂರ್ಛೆ ಹೋಗ್ತಿದ್ದಳು,” ಎಂದೆ. ಹೇಳಿ ಮುಗಿಸಿದ ಮೇಲೆ, ಇದು ಯಾರ ದನಿ ಎಂದು ನಾನೇ ಸುತ್ತ ನೋಡಿದೆ. ಜಲ್ಲೂಲ್ ಕೂಡ ಸಿದ್ಧಾಂತವನ್ನು ಅಲ್ಲಿಗೇ ಬಿಟ್ಟ. ಆಮೇಲೆ ಒಂದು ಸಾಲು ಹೇಳಿ ಬರೆಸಿದ. ಅದನ್ನು ಟೈಪ್ ಮಾಡಿದರೆ ಲಿನಕ್ಸ್ ಮನೆಯವರೂ ಗಡಿಯಾರವನ್ನು ಕಂಡ ಹಾಗೆ ಓದುತ್ತಾರಂತೆ. ಮಾಡಿದೆ. ಮುಳ್ಳು ಮುಂದಕ್ಕೆ ತಿರುಗಿಸಿದೆ. ಎರಡೂ ಮನೆಗಳಲ್ಲಿ ಹೊತ್ತು ಒಂದಾಯಿತು. ನಿಜವಾದ ಇಶಾ ಬರುವ ಮುಂಚೆ ಸ್ಪೀಕರಿನ ತಂತಿ ಕಿತ್ತಿಟ್ಟೆ. ಅದೇ ಸಂಜೆಯ ಇನ್ನೂ ಒಂದು ಆಜಾನನ್ನು ವಿವರಿಸುವ ಶಕ್ತಿ ನನ್ನಲ್ಲಿರಲಿಲ್ಲ.

ಬಾಬಾ ಹಿಂದಿರುಗಿದಾಗ ಅವರ ಮುಖ ಹಬ್ಬದ ತಟ್ಟೆಯ ಹಾಗಿತ್ತು. “ಮೊದಲ ಸಾಲು,” ಎಂದರು. “ಇಮಾಮರ ಬೆನ್ನ ಹಿಂದೆಯೇ. ಇಷ್ಟು ವರ್ಷಗಳಲ್ಲಿ ಮೊದಲ ಸಲ. ಬೇರೆ ಕಟ್ಟಡಗಳವರು ಬರುವಷ್ಟರಲ್ಲಿ ನಾವು ಕೂತು ಬೆವರು ಆರಿಸ್ಕೊಂಡಿದ್ವಿ.” ಅಂಗಿ ಬಿಚ್ಚುತ್ತಾ ಸೇರಿಸಿದರು: “ಇಮಾಮರೇ ತಡ ಮಾಡಿದ್ರು ಇವತ್ತು. ಎಷ್ಟು ಕಾಯಿಸಿದ್ರು ಅಂತ. ಪಾಪ, ಅವರಿಗೂ ಒಂದು ಕಂಪ್ಯೂಟರ್ ಕೊಡಿಸ್ಬೇಕು.”

ಆ ರಾತ್ರಿ ನನ್ನ ಪಾಲು ನನಗೆ ಉಳಿಯಿತು ಎಂದುಕೊಂಡು ಮಲಗಿದೆ.

ಮರುದಿನ ತಂತಿ ಮತ್ತೆ ಸಿಕ್ಕಿಸಿದೆ, ಆಜಾನ್ ಸರಿಯಾದ ಹೊತ್ತಿಗೆ ಆಯಿತು. ಇಶಾ ಕೂಡ ತನ್ನ ಹೊತ್ತಿಗೇ ಕೂಗಿತು. ಬಾಬಾ ಮಸೀದಿಗೆ ಹೋಗಿ, ಚಪ್ಪಲಿಗಳ ಪಕ್ಕದಲ್ಲಿ, ಬಾಗಿಲಿನ ಗಾಳಿಗೆ, ಯಾರದೋ ಮಗುವಿನ ಹಿಂದೆ ನಿಂತು ನಮಾಜು ಮಾಡಿ ಬಂದರು. ಬಂದವರು ನೇರವಾಗಿ ಕಂಪ್ಯೂಟರಿನ ಮುಸುಕು ಎತ್ತಿದರು.

“ಬದ್ರಾ, ನಿನ್ನೆ ಇದು ಎಷ್ಟು ಚುರುಕಾಗಿತ್ತು. ಇವತ್ತು ಯಾಕೆ ಮಂಕಾಗಿದೆ?”

ನಾನು ಅವರು ಎತ್ತಿದ ಮುಸುಕನ್ನು ಮಡಚತೊಡಗಿದೆ.

“ಗೊತ್ತಾಯ್ತು ಬಿಡು,” ಎಂದರು. “ನಿನ್ನೆ ಹೊಸದು ಹಾಕಿದ ದಿನ. ಅದರ ಬರಕತ್ತು, ದೇವರ ದಯೆ. ಹಳೇದು ಮತ್ತೆ ತನ್ನ ಬುದ್ಧಿ ತೋರಿಸಿದೆ. ಆಜಾನನ್ನ ಹೊಸ ಕಡೆಗೆ ಹಾಕ್ಬಿಡು. ಅದೇನೋ ಕೀಲಿಪದ ಇದೆಯಂತಲ್ಲ, ಹೇಳು.”

ನಿಜ ಹೇಳಿದರೆ ಪಾಲು ಅಳಿಸಿಹೋಗುತ್ತಿತ್ತು. ಹೇಳದಿದ್ದರೆ ಬಾಬಾ ಅದರೊಳಗೆ ವಾಸಕ್ಕೆ ಬರುತ್ತಿದ್ದರು. ನನ್ನ ಮನೆ ಎನ್ನುವುದು ಶಿಕ್ಷೆಯಿಂದ ಹೋಗುವುದಕ್ಕಿಂತ ಹೊಗಳಿಕೆಯಿಂದ ಹೋಗಲಿ ಎಂದು ನನ್ನ ಪುಟಗಳನ್ನು ತೆಗೆದುಕೊಂಡು, ಕೀಲಿಪದ ಹೇಳಿದೆ. ಬಾಬಾ ಮರೆಯಬಾರದೆಂದು ಅದನ್ನು ದೊಡ್ಡ ಅಕ್ಷರದಲ್ಲಿ ಬರೆದು ಪರದೆಯ ನೆತ್ತಿಗೆ ಅಂಟಿಸಿದರು.

ಜಲ್ಲೂಲ್ ಸಂತೋಷದಿಂದ ಓಡಿ ಬಂದ. ಹಾಜ್ ಮಿಲೂದರಂಥವರೇ ಒಲಿದರು ಎಂದು ಗೆಳೆಯರಿಗೆಲ್ಲ ಹೇಳಿದನಂತೆ. ಆಜಾನಿನ ಪ್ರೋಗ್ರಾಮ್ ಹಾಕಿಕೊಟ್ಟ, ಹವ್ವಾರಿಯ ಫುಟ್‌ಬಾಲು ಅಲ್ಲೂ ಓಡುವ ಹಾಗೆ ಮಾಡಿದ, ಯಮ್ಮಾಳ ಮದುವೆಗಳನ್ನೆಲ್ಲ ಅಲ್ಲಿಗೆ ಸಾಗಿಸಿದ. ಹನ್ನಾಗೆ ಪರದೆಯ ಮೇಲಿನ ಹಕ್ಕಿ ಇಷ್ಟವಾಯಿತು. ಜಾಗ ಸಾಲದೆಂದು ನನ್ನ ಒಂದು ಪಾಲನ್ನು ಎರಡು ಮಾಡಿದರು. ಪಾಲು ಅಂದ ಮೇಲೆ ಪಾಲು ಎಂದು ಆಗ ಯಾರೂ ಹೇಳಲಿಲ್ಲ. ಹೊಸ ಕಡೆಯೂ ಹಳೆಯದು ಕೂಗುತ್ತಿದ್ದ ಹೊತ್ತಿಗೇ ಕೂಗುತ್ತದೆ. ಆದರೆ ಬಾಬಾ ತಾವೇ ಆರಿಸಿದ್ದಾದ್ದರಿಂದ ಅದರಲ್ಲಿ ತಪ್ಪಿಲ್ಲ. ಮೊದಲ ಸಾಲು ಸಿಗದಿದ್ದರೆ ಈಗ ತಪ್ಪು ಮೆಟ್ಟಿಲುಗಳದು.

ಒಂದು ದಿನ ಕಸದ ಚೀಲ ಹಿಡಿದು ಆ ಮೆಟ್ಟಿಲು ಇಳಿಯುತ್ತಿದ್ದಾಗ ಸಿ ಕದ್ದೂರ್ ಎದುರಾದರು. ಸುತ್ತ ನೋಡಿ, ದನಿ ತಗ್ಗಿಸಿದರು.

“ಮಗಳೇ, ಅವತ್ತು ನೀನು ಮಜ್ಜಿಗೆ ತರ್ತೀನಿ ಅಂತ ಎದ್ದೆ.”

“ಹೌದು, ಸಿ ಕದ್ದೂರ್.”

“ಮಜ್ಜಿಗೆ ಬರಲೇ ಇಲ್ಲ,” ಎಂದು ಹೇಳಿ ಮೇಷ್ಟ್ರು ಮೇಲೆ ಹತ್ತಿದರು. ಎರಡು ಮೆಟ್ಟಿಲು ಹೋದ ಮೇಲೆ ಅವರು ಬೆನ್ನು ಅಲುಗಿಸಿ ನಗುತ್ತಿದ್ದದ್ದು ಕಂಡಿತು. ಬೆನ್ನುನೋವು ವಾಸಿಯಾದಂತಿತ್ತು.

ಈಗ ನಮ್ಮ ಮನೆಯವರೆಲ್ಲ ಲಿನಕ್ಸಿನಲ್ಲಿದ್ದಾರೆ. ಕಾಲಿಡಲು ಜಾಗವಿಲ್ಲ, ಪರದೆಯ ತುಂಬ ಚೆಂಡು, ಒಡವೆ, ಬಾಬಾ ಇಳಿಸಿಕೊಂಡ ಹಳೆಯ ರೈಲುಗಳ ಚಿತ್ರ. ಯಾರಿಗೂ ಬೇಡದ ಹೊತ್ತಿನಲ್ಲಿ ನಾನು ಕಂಪ್ಯೂಟರ್ ಹಚ್ಚುತ್ತೇನೆ. ಯಾವ ಮನೆ ಎಂದು ಅದು ಕೇಳುತ್ತದೆ. ಎಲ್ಲರೂ ಬಿಟ್ಟುಹೋದ ಹಳೆಯ ವಿಂಡೋಸಿನ ಬಾಗಿಲು ತೆರೆದು ಒಳಗೆ ಹೋಗುತ್ತೇನೆ. ನಿಧಾನ, ಧೂಳು, ಮೂಲೆಮೂಲೆಯಲ್ಲಿ ವೈರಸ್ಸು. ಅತ್ತ ಯಾರೂ ಸುಳಿಯುವುದಿಲ್ಲ. ಅಲ್ಲಿ ಏನೂ ಇಲ್ಲ ಎಂದು ಬಾಬಾರೇ ಸಾರಿದ್ದಾರೆ. ‘ಅಡುಗೆ’ ಇದ್ದ ಕಡೆಯೇ ಇದೆ, ನನ್ನ ಪುಟಗಳು ಮತ್ತೆ ಅದರೊಳಗಿವೆ. ತೆರೆದ ಕೂಡಲೇ ಒಂದು ಕೆಂಪು ಪೆಟ್ಟಿಗೆ ಮೇಲೆದ್ದು ಬರುತ್ತದೆ: ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ, ಏನು ಮಾಡಬೇಕು?

ನಮ್ಮ ಮನೆಯಲ್ಲಿ ಏನು ಮಾಡಬೇಕು ಎಂದು ನನ್ನನ್ನು ದಿನವೂ ಕೇಳುವುದು ಅದೊಂದೇ. ಏನೂ ಬೇಡ ಎಂದು ಒತ್ತಿ, ನಾನು ಬರೆಯಲು ಕೂರುತ್ತೇನೆ.